ಗ್ರಾಫೀನ್ ಪದರದಡಿಯ ಸೀಸ ಮತ್ತು ಅಂಗಡಿಯ "ಗ್ರಾಫೀನ್ ಬ್ಯಾಟರಿ": ಗ್ರಾಹಕರ ಮಾಹಿತಿಗಾಗಿ ಒಂದು ವಿಶ್ಲೇಷಣೆ

ಪ್ರಚಲಿತ ವಿಷಯ – ಸಾರ್ವಜನಿಕ ಮಾಹಿತಿ
ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ನಾಗರಿಕರ ಗಮನಕ್ಕೆ

ವಿದ್ಯುತ್ ಚಾಲಿತ ದ್ವಿಚಕ್ರ ವಾಹನಗಳು ಹಾಗೂ ಮನೆಬಳಕೆಯ ಇನ್ವರ್ಟರ್‌ಗಳ ಮಾರಾಟದಲ್ಲಿ ಇತ್ತೀಚಿನ ವರ್ಷಗಳಿಂದ "ಗ್ರಾಫೀನ್ ಬ್ಯಾಟರಿ" ಎಂಬ ಹೆಸರು ಬಳಕೆಗೆ ಬಂದಿರುತ್ತದೆ. ಜಾಹೀರಾತು ಫಲಕಗಳಲ್ಲಿಯೂ ಕರಪತ್ರಗಳಲ್ಲಿಯೂ ಈ ಹೆಸರು ದಪ್ಪ ಅಕ್ಷರಗಳಲ್ಲಿ ಕಾಣುತ್ತದೆ. ಬ್ಯಾಟರಿಯ ಕುರಿತು ದೂರು ಸಲ್ಲಿಸುವ ಕ್ರಮವನ್ನು ತಿಳಿಯಲು ಬಂದ ಒಬ್ಬ ಅರ್ಜಿದಾರರ ಬಳಿ ಇದ್ದ ರಸೀದಿಯಲ್ಲಿ "ಗ್ರಾಫೀನ್ ಸೆಟ್, 72 ವೋಲ್ಟ್" ಎಂಬ ಒಂದೇ ಸಾಲು ಇದ್ದಿತು. ತಯಾರಕರ ಹೆಸರಾಗಲಿ, ಬ್ಯಾಟರಿಯ ಕ್ರಮಸಂಖ್ಯೆಯಾಗಲಿ, ವಾರಂಟಿಯ ಅವಧಿಯಾಗಲಿ ಅದರಲ್ಲಿ ನಮೂದಾಗಿರಲಿಲ್ಲ. "ಲಿಥಿಯಂಗಿಂತ ಮೇಲಿನದು ಎಂದು ಹೇಳಿ ಕೊಟ್ಟರು; ಎರಡನೆಯ ಬೇಸಿಗೆಗೆ ಮೊದಲಿನ ಅರ್ಧ ದೂರವೂ ಓಡುತ್ತಿಲ್ಲ" ಎಂಬುದು ಅವರ ಅಳಲಾಗಿತ್ತು. ಅವರು ಕೇಳಿದ ಮೊದಲ ಪ್ರಶ್ನೆ ಹಣ ಹಿಂದಿರುಗಿಸುವ ಬಗ್ಗೆ ಆಗಿರಲಿಲ್ಲ. "ಗ್ರಾಫೀನ್ ಎಂದರೆ ಏನು, ಇದರೊಳಗೆ ಅದು ಇದೆಯೇ?" ಎಂಬುದಾಗಿತ್ತು.

ಆ ಪ್ರಶ್ನೆಗೆ ಉತ್ತರಿಸುವ ಸಲುವಾಗಿ ಈ ಟಿಪ್ಪಣಿಯನ್ನು ಸಿದ್ಧಪಡಿಸಲಾಗಿದೆ. ಸೀಸ ಮತ್ತು ಗ್ರಾಫೀನ್ ಎಂಬ ಎರಡು ಪದಾರ್ಥಗಳು ಒಟ್ಟಿಗೆ ಕಾಣಿಸಿಕೊಳ್ಳುವ ಎರಡು ಸ್ಥಳಗಳಿವೆ. ಒಂದು, ಭೌತವಿಜ್ಞಾನದ ಪ್ರಯೋಗಾಲಯ. ಇನ್ನೊಂದು, ವಾಹನದ ಅಂಗಡಿ. ಹೆಸರು ಒಂದೇ ಆದರೂ ಎರಡೂ ಕಡೆ ಇರುವ ವಸ್ತು ಒಂದೇ ಅಲ್ಲ. ಈ ವ್ಯತ್ಯಾಸವನ್ನು ಅರಿತರೆ ಅರ್ಜಿದಾರರು ತಮ್ಮ ದೂರನ್ನು ಸರಿಯಾಗಿ ಬರೆಯಲು ಅನುಕೂಲವಾಗುತ್ತದೆ.

ಗ್ರಾಫೀನ್ ಎಂದರೇನು

ಪೆನ್ಸಿಲಿನ ಕಡ್ಡಿಯಲ್ಲಿರುವ ಕಪ್ಪು ವಸ್ತುವಿಗೆ ಗ್ರಾಫೈಟ್ ಎಂದು ಹೆಸರು. ಇದು ಇಂಗಾಲದ ಒಂದು ರೂಪ. ನಮ್ಮ ಭಾಗದ ಮನೆಗಳಲ್ಲಿ ಬಟ್ಟೆ ಕಟ್ಟಿ ಇಟ್ಟಿರುವ ಒಣ ಜೋಳದ ರೊಟ್ಟಿಯ ಅಡಕಿಲನ್ನು ನೆನಪಿಗೆ ತಂದುಕೊಂಡರೆ ಗ್ರಾಫೈಟಿನ ರಚನೆ ತಿಳಿಯುತ್ತದೆ. ಹಾಳೆಯ ಮೇಲೆ ಹಾಳೆ ಕುಳಿತಿರುತ್ತದೆ. ಪ್ರತಿ ಹಾಳೆಯೊಳಗಿನ ಬಂಧ ಬಹಳ ಗಟ್ಟಿ, ಹಾಳೆ ಹಾಳೆಗಳ ನಡುವಿನ ಹಿಡಿತ ಮಾತ್ರ ಸಡಿಲ. ಎರಡು ಹಾಳೆಗಳ ನಡುವಣ ಅಂತರ 0.335 ನ್ಯಾನೊಮೀಟರ್. ಒಂದು ನ್ಯಾನೊಮೀಟರ್ ಎಂದರೆ ಒಂದು ಮೀಟರಿನ 100 ಕೋಟಿಯಲ್ಲಿ ಒಂದು ಭಾಗ. ಈ ಲೆಕ್ಕದಲ್ಲಿ ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಸುಮಾರು 30 ಲಕ್ಷ ಹಾಳೆಗಳು ಇರುತ್ತವೆ. ಈ ಅಡಕಿಲಿನಿಂದ ಬಿಡಿಸಿದ ಒಂದೇ ಒಂದು ಹಾಳೆ, ಅಂದರೆ ಒಂದು ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯೇ ಗ್ರಾಫೀನ್.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೋವ್ ಅವರು ಅಂಟುಪಟ್ಟಿಯ ಸಹಾಯದಿಂದ ಈ ಹಾಳೆಯನ್ನು ಬೇರ್ಪಡಿಸಿ, ಅದರ ವಿದ್ಯುತ್ ಗುಣಗಳನ್ನು 2004ರಲ್ಲಿ ಪ್ರಕಟಿಸಿದರು. 2010ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಇವರಿಗೆ ಸಂದಿತು. ಅಂದಿನಿಂದ "ಗ್ರಾಫೀನ್" ಎಂಬ ಹೆಸರಿಗೆ ಒಂದು ಬೆಲೆ ಬಂದಿತು. ಬೆಲೆ ಬಂದ ಹೆಸರು ಅಂಗಡಿಗೆ ಬರಲು ಹೆಚ್ಚು ಕಾಲ ಹಿಡಿಯುವುದಿಲ್ಲ.

ಹಾಳೆಯ ಅಡಿಯಲ್ಲಿ ಲೋಹ

ಅಂಟುಪಟ್ಟಿಯಿಂದ ಸಿಗುವ ಚೂರುಗಳು ಬಹಳ ಚಿಕ್ಕವು. ದೊಡ್ಡ ಹಾಳೆ ಬೇಕಾದಾಗ ವಿಜ್ಞಾನಿಗಳು ಅದನ್ನು ಸ್ಫಟಿಕದ ಮೇಲೆ ಬೆಳೆಸುತ್ತಾರೆ. ಸಾಣೆ ಚಕ್ರಗಳ ತಯಾರಿಕೆಯಲ್ಲಿ ಬಳಕೆಯಾಗುವ ಸಿಲಿಕಾನ್ ಕಾರ್ಬೈಡ್ ಎಂಬ ಗಡುಸಾದ ವಸ್ತು ಇದೆ. ಅದರ ಶುದ್ಧ ಸ್ಫಟಿಕವನ್ನು 1,200 ಡಿಗ್ರಿ ಸೆಲ್ಸಿಯಸ್‌ಗೂ ಮೇಲ್ಪಟ್ಟ ಶಾಖದಲ್ಲಿ ಕಾಯಿಸಿದಾಗ ಮೇಲ್ಮೈಯ ಸಿಲಿಕಾನ್ ಆವಿಯಾಗಿ ಹೋಗುತ್ತದೆ; ಉಳಿದ ಇಂಗಾಲವು ತಾನಾಗಿಯೇ ಹಾಳೆಯಂತೆ ಜೋಡಿಕೊಳ್ಳುತ್ತದೆ. ಇರಿಡಿಯಂ, ನಿಕ್ಕಲ್ ಮುಂತಾದ ಲೋಹದ ಸ್ಫಟಿಕಗಳ ಮೇಲೂ ಇಂಗಾಲಯುಕ್ತ ಅನಿಲವನ್ನು ಹಾಯಿಸಿ ಹಾಳೆಯನ್ನು ಬೆಳೆಸಬಹುದಾಗಿದೆ.

ಇಲ್ಲಿ ಒಂದು ತೊಡಕು ಇದೆ. ಸಿಲಿಕಾನ್ ಕಾರ್ಬೈಡಿನ ಮೇಲೆ ಬೆಳೆದ ಮೊದಲ ಹಾಳೆಯ ಇಂಗಾಲದ ಪರಮಾಣುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಕೆಳಗಿನ ಸ್ಫಟಿಕಕ್ಕೆ ಕಚ್ಚಿಕೊಂಡಿರುತ್ತವೆ. ಹಂಚಿಗೆ ಹತ್ತಿಕೊಂಡ ರೊಟ್ಟಿಯಂತೆ ಅದು ಏಳುವುದಿಲ್ಲ. ಆದುದರಿಂದ ಗ್ರಾಫೀನಿಗೆ ಇರಬೇಕಾದ ವಿದ್ಯುತ್ ಗುಣಗಳು ಅದರಲ್ಲಿ ಕಾಣುವುದಿಲ್ಲ. ಈ ಹಾಳೆಯನ್ನು ಹರಿಯದೆ ಬಿಡಿಸುವ ಉಪಾಯವೆಂದರೆ ಅದರ ಅಡಿಗೆ ಬೇರೊಂದು ಧಾತುವಿನ ಪರಮಾಣುಗಳನ್ನು ನುಗ್ಗಿಸುವುದು. 2009ರಲ್ಲಿ ಜರ್ಮನಿಯ ವಿಜ್ಞಾನಿಗಳು ಜಲಜನಕವನ್ನು ಹೀಗೆ ನುಗ್ಗಿಸಿ ಹಾಳೆಯನ್ನು ಬಿಡುಗಡೆಗೊಳಿಸಿದರು. ಚಿನ್ನ, ಬೆಳ್ಳಿ, ಲಿಥಿಯಂ, ತವರ ಮತ್ತು ಸೀಸವನ್ನೂ ಇದೇ ರೀತಿ ಸೇರಿಸಲಾಗಿದೆ. ಲೋಹವನ್ನು ನಿರ್ವಾತದಲ್ಲಿ ಆವಿ ಮಾಡಿ ಹಾಳೆಯ ಮೇಲೆ ಬಿಟ್ಟು ಕಾಯಿಸಿದಾಗ, ಹಾಳೆಯ ಅಂಚು ಮತ್ತು ಸಣ್ಣ ಬಿರುಕುಗಳ ಮೂಲಕ ಪರಮಾಣುಗಳು ಕೆಳಗಿಳಿದು, ಹಾಳೆಗೂ ಸ್ಫಟಿಕಕ್ಕೂ ನಡುವೆ ಹರಡಿಕೊಳ್ಳುತ್ತವೆ.

ಇದರ ಪ್ರಯೋಜನ ಎರಡು ಬಗೆಯದು. ಮೊದಲನೆಯದಾಗಿ, ಕೆಳಗಿನ ಲೋಹವು ಮೇಲಿನ ಹಾಳೆಯ ಗುಣವನ್ನು ಬದಲಿಸುತ್ತದೆ. ಸ್ಪೇನಿನ ಮ್ಯಾಡ್ರಿಡ್‌ನ ವಿಜ್ಞಾನಿಗಳು ಇರಿಡಿಯಂ ಸ್ಫಟಿಕದ ಮೇಲೆ ಬೆಳೆಸಿದ ಗ್ರಾಫೀನಿನ ಅಡಿಯಲ್ಲಿ ಸೀಸದ ಸಣ್ಣ ಸಣ್ಣ ದ್ವೀಪಗಳನ್ನು ಸೇರಿಸಿ, ಸೀಸ ಇರುವ ಕಡೆ ಹಾಳೆಯ ಎಲೆಕ್ಟ್ರಾನುಗಳ ವರ್ತನೆಯೇ ಬೇರೆಯಾಗುವುದನ್ನು 2015ರಲ್ಲಿ ತೋರಿಸಿದರು. ಎರಡನೆಯದಾಗಿ, ಮೇಲಿನ ಹಾಳೆ ಕೆಳಗಿನ ಲೋಹಕ್ಕೆ ಮುಚ್ಚಳವಾಗುತ್ತದೆ. ಗಾಳಿ ಸೋಕಿದೊಡನೆ ಕೆಡಬಹುದಾದ ಅತಿ ತೆಳುವಾದ ಲೋಹವು ಇದರ ಕೆಳಗೆ ಸುರಕ್ಷಿತವಾಗಿ ಉಳಿಯುತ್ತದೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾಲಯದ ತಂಡವೊಂದು 2020ರಲ್ಲಿ ಗ್ಯಾಲಿಯಂ, ಇಂಡಿಯಂ ಮತ್ತು ತವರವನ್ನು ಕೆಲವೇ ಪರಮಾಣುಗಳ ದಪ್ಪದಲ್ಲಿ ಹೀಗೆ ನಿಲ್ಲಿಸಿತು. ಆ ಗ್ಯಾಲಿಯಂ ಪದರವು ಸುಮಾರು ಮೈನಸ್ 269 ಡಿಗ್ರಿಯಲ್ಲಿ ವಿದ್ಯುತ್ತನ್ನು ಯಾವ ತಡೆಯೂ ಇಲ್ಲದೆ ಹರಿಸಿತು. ಕ್ವಾಂಟಂ ಉಪಕರಣಗಳಿಗೆ ಇದರಿಂದ ಉಪಯೋಗವಾಗಬಹುದೆಂಬ ನಿರೀಕ್ಷೆ ಇದೆ.

ಗ್ರಾಹಕರು ಗಮನಿಸಬೇಕಾದ ಅಂಶವೆಂದರೆ ಇದರ ಪ್ರಮಾಣ. ಇಲ್ಲಿ ಹೇಳಿದ ಸೀಸವನ್ನು ಯಾವ ತಕ್ಕಡಿಯಲ್ಲಿಯೂ ತೂಗಲಾಗದು. ಉಗುರಿನಷ್ಟು ಅಗಲದ ಸ್ಫಟಿಕದ ಮೇಲೆ, ನಿರ್ವಾತ ಕೊಠಡಿಯೊಳಗೆ, ಒಂದೆರಡು ಪರಮಾಣುಗಳ ದಪ್ಪದಲ್ಲಿ ಅದು ಇರುತ್ತದೆ. ಅದರಿಂದ ವಾಹನ ಓಡುವುದಿಲ್ಲ. ಓಡಿಸುವ ಉದ್ದೇಶವೂ ಆ ವಿಜ್ಞಾನಿಗಳಿಗೆ ಇಲ್ಲ.

ಬೆಂಗಳೂರಿನಲ್ಲಿ ನಡೆದಿರುವ ಕೆಲಸ

ಇದು ಹೊರದೇಶಗಳ ಸಂಗತಿ ಮಾತ್ರ ಎಂದು ಭಾವಿಸಬೇಕಾಗಿಲ್ಲ. ಗ್ರಾಫೀನಿನ ಸಂಶೋಧನೆಯಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಭಾರತರತ್ನ ಪ್ರೊ. ಸಿ.ಎನ್.ಆರ್. ರಾವ್ ಅವರ ತಂಡವು ಗ್ರಾಫೀನ್ ಹಾಳೆಯೊಳಗೆ ಬೋರಾನ್ ಮತ್ತು ಸಾರಜನಕದ ಪರಮಾಣುಗಳನ್ನು ಕೂಡಿಸಿ ಅದರ ಗುಣವನ್ನು ಬದಲಿಸುವ ವಿಧಾನವನ್ನು 2009ರಲ್ಲಿ ಪ್ರಕಟಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಜಯ್ ಕುಮಾರ್ ಸೂದ್ ಮತ್ತು ಸಂಗಡಿಗರು, ಹಾಳೆಯಲ್ಲಿ ಎಷ್ಟು ಎಲೆಕ್ಟ್ರಾನುಗಳು ಕೂಡಿವೆ ಎಂಬುದನ್ನು ರಾಮನ್ ಪರಿಣಾಮದ ನೆರವಿನಿಂದ ಅಳೆಯುವ ಕೆಲಸವನ್ನು 2008ರಲ್ಲಿ ಪ್ರಕಟಿಸಿದರು. ಅದೇ ಸಂಸ್ಥೆಯ ಪ್ರೊ. ಅರಿಂದಮ್ ಘೋಷ್ ಅವರ ತಂಡವು ಜಪಾನಿನ ವಿಜ್ಞಾನಿಗಳೊಡನೆ ಸೇರಿ, ಅತಿ ಶುದ್ಧವಾದ ಗ್ರಾಫೀನಿನಲ್ಲಿ ಎಲೆಕ್ಟ್ರಾನುಗಳು ದ್ರವದಂತೆ ಹರಿಯುವುದನ್ನು 2025ರಲ್ಲಿ ವರದಿ ಮಾಡಿತು. ಶಾಖ ಮತ್ತು ವಿದ್ಯುತ್ತಿನ ಹರಿವು ಲೋಹಗಳಲ್ಲಿ ಒಂದಕ್ಕೊಂದು ಹೊಂದಿಕೊಂಡಿರಬೇಕೆಂಬ ಹಳೆಯ ನಿಯಮವು ಅಲ್ಲಿ 200 ಪಟ್ಟಿಗೂ ಹೆಚ್ಚು ತಪ್ಪಿಹೋಗಿತ್ತು.

ಭಾರತೀಯ ವಿಜ್ಞಾನ ಸಂಸ್ಥೆಯ 30 ವಿಜ್ಞಾನಿಗಳು, ಗ್ರಾಫೀನಿನಂತಹ ತೆಳುಹಾಳೆಗಳಿಂದ ಈಗಿನದಕ್ಕಿಂತ ಬಹಳ ಚಿಕ್ಕ ಚಿಪ್‌ಗಳನ್ನು ತಯಾರಿಸುವ ಪ್ರಸ್ತಾವನೆಯನ್ನು 2022ರಲ್ಲಿ ಕೇಂದ್ರ ಸರ್ಕಾರಕ್ಕೆ ಸಲ್ಲಿಸಿ, 2024ರ ಅಕ್ಟೋಬರ್‌ನಲ್ಲಿ ಪರಿಷ್ಕರಿಸಿ ಮತ್ತೆ ಸಲ್ಲಿಸಿರುವುದಾಗಿ 2025ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಐದು ವರ್ಷಗಳ ಅವಧಿಗೆ ಅವರು ಕೋರಿದ ಮೊತ್ತ 500 ಕೋಟಿ ರೂಪಾಯಿ. ಗ್ರಾಫೀನ್ ವಿಷಯದಲ್ಲಿ ಪ್ರಪಂಚದ ಮುಂಚೂಣಿಯಲ್ಲಿರುವವರು ಐದು ವರ್ಷ, 500 ಕೋಟಿ ಎಂದು ಕೇಳುತ್ತಿರುವಾಗ, ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಅದೇ ಹೆಸರಿನ ಪೆಟ್ಟಿಗೆ ಕಂತಿನ ಮೇಲೆ ದೊರೆಯುತ್ತಿದ್ದರೆ ಗ್ರಾಹಕರು ಒಂದು ಕ್ಷಣ ನಿಂತು ಯೋಚಿಸುವುದು ಯುಕ್ತ.

ಅಂಗಡಿಯಲ್ಲಿ ದೊರೆಯುವುದು ಏನು

ಹಾಳೆಗಳ ನಡುವೆ ಲೋಹವನ್ನು ಸೇರಿಸುವ ತತ್ತ್ವವು ವ್ಯಾಪಾರಕ್ಕೆ ಬಂದಿಲ್ಲವೆಂದು ಹೇಳಲಾಗದು. ಅದು ನಮ್ಮೆಲ್ಲರ ಕೈಯಲ್ಲಿಯೇ ಇದೆ. ಮೊಬೈಲ್ ಫೋನಿನ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಿದಾಗ ಲಿಥಿಯಂ ಗ್ರಾಫೈಟಿನ ಹಾಳೆಗಳ ನಡುವೆ ಹೋಗಿ ಕೂರುತ್ತದೆ, ಬಳಸುವಾಗ ಹೊರಬರುತ್ತದೆ. ಪೂರ್ತಿ ತುಂಬಿದಾಗ ಆರು ಇಂಗಾಲದ ಪರಮಾಣುಗಳಿಗೆ ಒಂದು ಲಿಥಿಯಂನಂತೆ ಸೇರಿ, ಹಾಳೆಗಳ ಅಂತರವು 0.335ರಿಂದ ಸುಮಾರು 0.37 ನ್ಯಾನೊಮೀಟರಿಗೆ ಹಿಗ್ಗುತ್ತದೆ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯ ಬ್ಯಾಟರಿಯನ್ನು ರೂಪಿಸಿದ ಮೂವರಿಗೆ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಇಷ್ಟಾಗಿಯೂ ಇದನ್ನು ಯಾರೂ ಗ್ರಾಫೀನ್ ಬ್ಯಾಟರಿ ಎಂದು ಕರೆಯುವುದಿಲ್ಲ, ಲಿಥಿಯಂ ಬ್ಯಾಟರಿ ಎಂದೇ ಕರೆಯುತ್ತಾರೆ.

ಕಡಿಮೆ ಬೆಲೆಯ ವಿದ್ಯುತ್ ಸ್ಕೂಟರುಗಳಲ್ಲಿ "ಗ್ರಾಫೀನ್" ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ಬರುತ್ತಿರುವುದು ಸೀಸ-ಆಮ್ಲದ ಬ್ಯಾಟರಿ. ಲಾರಿ, ಟ್ರ್ಯಾಕ್ಟರುಗಳಲ್ಲಿ ದಶಕಗಳಿಂದ ಇರುವ ಅದೇ ವರ್ಗದ ವಸ್ತು. ಅದರ ಫಲಕಗಳಿಗೆ ಇಂಗಾಲದ ಪುಡಿಯನ್ನೋ ಗ್ರಾಫೀನ್ ಎಂದು ಕರೆಯಲಾಗುವ ಪುಡಿಯನ್ನೋ ಅಲ್ಪ ಪ್ರಮಾಣದಲ್ಲಿ ಬೆರೆಸಲಾಗಿರುತ್ತದೆ. ಈ ಬೆರಕೆಯಿಂದ ಏನೂ ಪ್ರಯೋಜನವಿಲ್ಲ ಎನ್ನುವುದು ಸರಿಯಲ್ಲ. ಸೀಸದ ಬ್ಯಾಟರಿಯ ಋಣ ಫಲಕದ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುವುದನ್ನು ಇಂಗಾಲವು ತಗ್ಗಿಸುತ್ತದೆ. ಅಷ್ಟರ ಮಟ್ಟಿಗೆ ಬಾಳಿಕೆ ಹೆಚ್ಚುತ್ತದೆ. ಆದರೆ ವಸ್ತುವಿನ ಜಾತಿ ಬದಲಾಗುವುದಿಲ್ಲ. ಉಪ್ಪಿನಕಾಯಿಗೆ ಇಂಗು ಹಾಕಿದ ಮಾತ್ರಕ್ಕೆ ಅದನ್ನು ಇಂಗಿನ ಬೆಲೆಗೆ ಮಾರಲಾಗದು.

ಬೆರೆಸಿದ ಪುಡಿಯಾದರೂ ಗ್ರಾಫೀನೇ ಎಂಬುದೂ ಖಚಿತವಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರಪಂಚದ 60 ಕಂಪನಿಗಳು ಗ್ರಾಫೀನ್ ಎಂದು ಮಾರುತ್ತಿದ್ದ ಪುಡಿಯನ್ನು ತರಿಸಿ ಪರೀಕ್ಷಿಸಲಾಯಿತು. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿಜ್ಞಾನಿಗಳೊಂದಿಗೆ ಸ್ವತಃ ನೊವೊಸೆಲೋವ್ ಅವರೂ ಈ ಅಧ್ಯಯನದಲ್ಲಿದ್ದರು. ಹೆಚ್ಚಿನ ಮಾದರಿಗಳಲ್ಲಿ ಗ್ರಾಫೀನಿನ ಅಂಶ ಶೇಕಡ 10ಕ್ಕಿಂತ ಕಡಿಮೆ ಇತ್ತು. ಶೇಕಡ 50 ದಾಟಿದ ಮಾದರಿ ಒಂದೂ ಇರಲಿಲ್ಲ. ಉಳಿದದ್ದು ಬಹುಮಟ್ಟಿಗೆ ಪೆನ್ಸಿಲಿನ ಗ್ರಾಫೈಟಿನ ಪುಡಿ. ಹತ್ತು ಪದರಗಳ ಒಳಗಿನದನ್ನು ಮಾತ್ರ ಗ್ರಾಫೀನ್ ವರ್ಗಕ್ಕೆ ಸೇರಿಸಬೇಕೆಂಬ ಅಂತರರಾಷ್ಟ್ರೀಯ ವ್ಯಾಖ್ಯೆ 2017ರಲ್ಲಿಯೇ ಹೊರಬಿದ್ದಿದ್ದರೂ ಮಾರುಕಟ್ಟೆಯ ಪರಿಸ್ಥಿತಿ ಹೀಗಿತ್ತು. ಗ್ರಾಫೀನ್ ಹೌದೋ ಅಲ್ಲವೋ ಎಂಬುದನ್ನು ತಿಳಿಯಲು ಬಳಸುವ ಮುಖ್ಯ ಪರೀಕ್ಷೆ ರಾಮನ್ ರೋಹಿತದ್ದು. ಸರ್ ಸಿ.ವಿ. ರಾಮನ್ ಅವರು 1928ರಲ್ಲಿ ಕಂಡುಹಿಡಿದ ಪರಿಣಾಮವೇ ಅದಕ್ಕೆ ಆಧಾರ. ಅಂತಹ ಉಪಕರಣ ನಮ್ಮ ತಾಲ್ಲೂಕು ಕೇಂದ್ರಗಳ ಅಂಗಡಿಗಳಲ್ಲಿ ಇರುವುದಿಲ್ಲ.

ತೂಕದ ಲೆಕ್ಕ

ಉಪಕರಣ ಇಲ್ಲದಿದ್ದರೂ ತಕ್ಕಡಿ ಇದೆ. ಈ ಟಿಪ್ಪಣಿಯನ್ನು ಬರೆದವರು ವಾಣಿಜ್ಯಶಾಸ್ತ್ರದ ಪದವೀಧರರೇ ಹೊರತು ವಿಜ್ಞಾನದವರಲ್ಲ. ಆದರೂ ಈ ಲೆಕ್ಕಕ್ಕೆ ಗುಣಾಕಾರ, ಭಾಗಾಕಾರಗಳು ಸಾಕು.

ಬ್ಯಾಟರಿಯ ಮೇಲೆ ವೋಲ್ಟ್ ಮತ್ತು ಆಂಪಿಯರ್-ಗಂಟೆ ಎಂಬ ಎರಡು ಸಂಖ್ಯೆಗಳಿರುತ್ತವೆ. ಎರಡನ್ನೂ ಗುಣಿಸಿದರೆ ವ್ಯಾಟ್-ಗಂಟೆ ಬರುತ್ತದೆ. 72 ವೋಲ್ಟ್, 32 ಆಂಪಿಯರ್-ಗಂಟೆಯ ಸೆಟ್ ಆದರೆ 2,304 ವ್ಯಾಟ್-ಗಂಟೆ, ಅಂದರೆ ಸುಮಾರು 2.3 ಯೂನಿಟ್ ವಿದ್ಯುತ್. ಸೀಸ-ಆಮ್ಲದ ಬ್ಯಾಟರಿಯು ಒಂದು ಕಿಲೋಗ್ರಾಂ ತೂಕಕ್ಕೆ ಸುಮಾರು 30ರಿಂದ 40 ವ್ಯಾಟ್-ಗಂಟೆಯನ್ನು ಹಿಡಿದಿಡುತ್ತದೆ. ಲಿಥಿಯಂ ಬ್ಯಾಟರಿಯ ಪೆಟ್ಟಿಗೆಯು 100ಕ್ಕೂ ಮೇಲ್ಪಟ್ಟು ಹಿಡಿದಿಡುತ್ತದೆ. ಹೀಗಾಗಿ 2,304 ವ್ಯಾಟ್-ಗಂಟೆಗೆ ಸೀಸದ ಸೆಟ್ ಸುಮಾರು 65 ಕಿಲೋ ತೂಗಬೇಕು. 12 ವೋಲ್ಟಿನ ಆರು ಪೆಟ್ಟಿಗೆಗಳಾಗಿದ್ದರೆ ಒಂದೊಂದೂ 11 ಕಿಲೋ ಆಸುಪಾಸು. ಲಿಥಿಯಂ ಆಗಿದ್ದರೆ ಇಡೀ ಸೆಟ್ 15ರಿಂದ 20 ಕಿಲೋದ ಸುಮಾರಿಗೆ ಮುಗಿಯುತ್ತದೆ, ಮತ್ತು ಸಾಮಾನ್ಯವಾಗಿ ಒಂದೇ ಪೆಟ್ಟಿಗೆಯಲ್ಲಿರುತ್ತದೆ. ಹತ್ತಿಯನ್ನೋ ಶೇಂಗಾವನ್ನೋ ತೂಗಿ ರೂಢಿ ಇರುವ ನಮ್ಮ ಭಾಗದ ರೈತರಿಗೆ ಇದನ್ನು ಹೆಚ್ಚು ವಿವರಿಸುವ ಅಗತ್ಯವಿಲ್ಲ. ಎತ್ತಿ ನೋಡಿದರೆ ತಿಳಿಯುತ್ತದೆ.

ಇನ್ನೊಂದು ಗುರುತೂ ಇದೆ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಸುಧಾರಿತ ಬ್ಯಾಟರಿ ಅಳವಡಿಸಿದ ವಾಹನಗಳಿಗೆ ಮಾತ್ರ ಪ್ರೋತ್ಸಾಹಧನವನ್ನು ನಿಗದಿಪಡಿಸಲಾಯಿತು; ಸೀಸ-ಆಮ್ಲದ ಬ್ಯಾಟರಿಯ ವಾಹನಗಳು ಅದರ ಹೊರಗೆ ಉಳಿದವು. "ಗ್ರಾಫೀನ್" ಎಂಬ ಹೆಸರಿನಿಂದ ಆ ಅರ್ಹತೆ ಬರುವುದಿಲ್ಲ. ಪ್ರೋತ್ಸಾಹಧನ ಏಕೆ ಬರಲಿಲ್ಲವೆಂದು ವಿಚಾರಿಸುವವರಿಗೆ ಬಹುಪಾಲು ಉತ್ತರ ಇಲ್ಲಿಯೇ ಇರುತ್ತದೆ.

ಸೀಸದ ಬ್ಯಾಟರಿಯನ್ನು ಕೊಳ್ಳಬಾರದು ಎಂಬುದು ಇಲಾಖೆಯ ಅಭಿಪ್ರಾಯವಲ್ಲ. ಅದು ಅಗ್ಗ, ದುರಸ್ತಿ ಸುಲಭ, ಹಳತಾದ ಮೇಲೂ ಸೀಸಕ್ಕೆ ಬೆಲೆ ಇದೆ. ಸಂತೆಗೆ ಹೋಗಿ ಬರುವಷ್ಟು ಸಣ್ಣ ದೂರಕ್ಕೆ ಅದೇ ಸಾಕಾಗಬಹುದು. ಆದರೆ ಅದರ ಸ್ವಭಾವ ತಿಳಿದು ಕೊಳ್ಳಬೇಕು. ಪ್ರತಿ ಸಲ ಪೂರ್ತಿ ಬರಿದಾಗುವವರೆಗೆ ಓಡಿಸಿದಷ್ಟೂ ಅದರ ಆಯುಷ್ಯ ಕುಗ್ಗುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಬಾಳಿಕೆ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಈ ಬ್ಯಾಟರಿಗಳ ಬಗ್ಗೆ ಪ್ರಚಲಿತವಿರುವ ಅಂದಾಜು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಐದೂ ತಾಲ್ಲೂಕುಗಳ ಬಿಸಿಲು ಎಂತಹುದೆಂದು ಹೇಳಬೇಕಾಗಿಲ್ಲ. ಮೇಲೆ ಹೇಳಿದ ಅರ್ಜಿದಾರರ "ಎರಡನೆಯ ಬೇಸಿಗೆ"ಯ ಅನುಭವದಲ್ಲಿ ಆಶ್ಚರ್ಯಕರವಾದುದು ಏನೂ ಇಲ್ಲ. ಸೀಸದ ಬ್ಯಾಟರಿ ಎಂದು ತಿಳಿಸಿ ಕೊಟ್ಟಿದ್ದರೆ ಅವರು ಅದಕ್ಕೆ ತಕ್ಕ ಬೆಲೆ ಕೊಡುತ್ತಿದ್ದರು, ಅದಕ್ಕೆ ತಕ್ಕಂತೆ ಬಳಸುತ್ತಿದ್ದರು. ದೂರಿನ ತಿರುಳು ಇರುವುದು ಈ ಮರೆಮಾಚುವಿಕೆಯಲ್ಲಿ.

ಕಾನೂನು ಏನು ಹೇಳುತ್ತದೆ

2020ರ ಜುಲೈನಿಂದ ಜಾರಿಯಲ್ಲಿರುವ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ವಸ್ತುವನ್ನು ಸುಳ್ಳಾಗಿ ವರ್ಣಿಸುವುದಷ್ಟೇ ಅಲ್ಲದೆ, ಮುಖ್ಯವಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದೂ ದಾರಿತಪ್ಪಿಸುವ ಜಾಹೀರಾತು ಎನಿಸಿಕೊಳ್ಳುತ್ತದೆ. "ಗ್ರಾಫೀನ್" ಎಂದು ದೊಡ್ಡದಾಗಿ ಬರೆದು "ಸೀಸ-ಆಮ್ಲ" ಎಂಬುದನ್ನು ಎಲ್ಲಿಯೂ ಹೇಳದಿದ್ದರೆ ಗ್ರಾಹಕರು ಈ ಅಂಶವನ್ನು ಎತ್ತಬಹುದಾಗಿದೆ. 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ, ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದಕ್ಕೆ ಸಂಬಂಧಿಸಿದ ಷರತ್ತಿನ ಮಾತೂ ಅದೇ ಭಾಷೆಯಲ್ಲಿರಬೇಕು. ಫಲಕದ ಮೇಲೆ ಕನ್ನಡದಲ್ಲಿ ಭರವಸೆ, ಕೆಳಗೆ ಸಣ್ಣ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ಷರತ್ತು ಎಂಬ ಪದ್ಧತಿಗೆ ಅವಕಾಶವಿಲ್ಲ. ದಾರಿತಪ್ಪಿಸುವ ಜಾಹೀರಾತಿಗಾಗಿ ತಯಾರಕರಿಗೆ ಕೇಂದ್ರ ಗ್ರಾಹಕರ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ರಸೀದಿಯ ವಿಷಯದಲ್ಲಿ ಗ್ರಾಹಕರು ಇನ್ನಷ್ಟು ಬಿಗಿಯಾಗಿ ನಡೆದುಕೊಳ್ಳಬೇಕು. ಬಿಲ್ಲು ಅಥವಾ ನಗದು ರಸೀದಿ ಕೊಡದಿರುವುದೇ ಸದರಿ ಅಧಿನಿಯಮದಡಿ ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ಬ್ಯಾಟರಿಯ ವರ್ಗ (ಸೀಸ-ಆಮ್ಲವೋ ಲಿಥಿಯಮ್ಮೋ), ವೋಲ್ಟ್, ಆಂಪಿಯರ್-ಗಂಟೆ, ಪ್ರತಿ ಪೆಟ್ಟಿಗೆಯ ಕ್ರಮಸಂಖ್ಯೆ, ತಯಾರಕರ ಹೆಸರು ಮತ್ತು ವಾರಂಟಿಯ ತಿಂಗಳುಗಳನ್ನು ರಸೀದಿಯಲ್ಲಿಯೇ ಬರೆಸಿಕೊಳ್ಳಬೇಕು. ವಾಹನಕ್ಕೆ ವಾರಂಟಿ ಮೂರು ವರ್ಷವೆಂದರೆ ಬ್ಯಾಟರಿಗೂ ಮೂರು ವರ್ಷವೆಂದು ಭಾವಿಸಬಾರದು. ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು. ವರ್ಗವನ್ನು ಬರೆದುಕೊಡಲು ಅಂಗಡಿಯವರು ಹಿಂಜರಿದರೆ ಅದೇ ಒಂದು ಉತ್ತರ. ಜಾಹೀರಾತಿನ ಕರಪತ್ರವನ್ನು ಬಿಸಾಡಬೇಡಿ, ಫಲಕದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಹೇಳಿದ ಮಾತಿಗೆ ಸಾಕ್ಷಿ ಸಿಗುವುದು ಕಷ್ಟ.

ದೂರು ಸಲ್ಲಿಸುವ ಬಗೆ

ಮೊದಲ ಹಂತದಲ್ಲಿ ಮಾರಾಟಗಾರರಿಗೂ ತಯಾರಕರಿಗೂ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ಅದರಿಂದ ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಸಹಾಯವಾಣಿಯು ಕಂಪನಿಯೊಡನೆ ವ್ಯವಹರಿಸಿ ರಾಜಿಗೆ ಪ್ರಯತ್ನಿಸುತ್ತದೆ. ಆದೇಶ ಹೊರಡಿಸುವ ಅಧಿಕಾರ ಅದಕ್ಕೆ ಇರುವುದಿಲ್ಲ. ಆದೇಶ ಬೇಕಾದವರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬೇಕಾಗುತ್ತದೆ.

ಆಯೋಗ ಎಂದೊಡನೆ ಕೋರ್ಟು, ವಕೀಲರು, ಖರ್ಚು ಎಂಬ ಅಳುಕು ಸಹಜ. ವಾಸ್ತವವಾಗಿ, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕ ಇರುವುದಿಲ್ಲ. ಗ್ರಾಹಕರು ತಾವೇ ವಾದಿಸಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿನ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ವಾಹನವನ್ನು ಬೆಂಗಳೂರಿನಲ್ಲಿಯೋ ಆನ್‌ಲೈನ್ ಮೂಲಕವೋ ಕೊಂಡಿದ್ದರೂ ದೂರುದಾರರು ತಾವು ವಾಸಿಸುವ ಸ್ಥಳದ ವ್ಯಾಪ್ತಿಯ ಆಯೋಗದಲ್ಲಿಯೇ ದೂರು ಸಲ್ಲಿಸಲು ಹೊಸ ಅಧಿನಿಯಮದಲ್ಲಿ ಅವಕಾಶ ಕಲ್ಪಿಸಲಾಗಿದೆ. 2025ರ ಜನವರಿ 1ರಿಂದ ಕಾರ್ಯಾರಂಭ ಮಾಡಿದ ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದು. ವ್ಯಾಜ್ಯಕ್ಕೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಒಳಗೆ ದೂರು ಸಲ್ಲಿಕೆಯಾಗಬೇಕು. ಅಂಗಡಿಯವರ "ಮುಂದಿನ ತಿಂಗಳು ಬನ್ನಿ" ಎಂಬ ಮಾತನ್ನು ನಂಬಿ ತಿರುಗಾಡುತ್ತಾ ಈ ಅವಧಿಯನ್ನು ಕಳೆದುಕೊಳ್ಳುವವರಿದ್ದಾರೆ. ತಡವಾದುದಕ್ಕೆ ಸೂಕ್ತ ಕಾರಣ ತೋರಿಸಿದರೆ ಆಯೋಗವು ಮನ್ನಿಸಬಹುದಾದರೂ ಅದನ್ನೇ ನೆಚ್ಚಿಕೊಳ್ಳುವುದು ಉಚಿತವಲ್ಲ.

ವ್ಯಾಪಾರಕ್ಕಾಗಿ ವಾಹನ ಬಳಸುವವರು ತಾವು ಗ್ರಾಹಕರಲ್ಲವೆಂದು ಭಾವಿಸಿ ಹಿಂದೆ ಸರಿಯುವುದುಂಟು. ಲಾಭದ ಉದ್ದೇಶದಿಂದ ಮರುಮಾರಾಟಕ್ಕೋ ವಾಣಿಜ್ಯ ಉದ್ದೇಶಕ್ಕೋ ಕೊಂಡವರು ಹೊರಗುಳಿಯುತ್ತಾರೆಂಬುದು ನಿಜ. ಆದರೆ ಸ್ವಂತ ಉದ್ಯೋಗದಿಂದ ಜೀವನೋಪಾಯ ನಡೆಸುವ ಸಲುವಾಗಿಯೇ ಕೊಂಡು ತಾವೇ ಬಳಸುವವರನ್ನು ಅಧಿನಿಯಮವು ಗ್ರಾಹಕರೆಂದೇ ಪರಿಗಣಿಸುತ್ತದೆ. ಬೆಳಗಿನ ಜಾವ ಹಡಗಲಿಯ ಮಲ್ಲಿಗೆಯನ್ನು ಸ್ಕೂಟರಿನಲ್ಲಿ ಒಯ್ದು ಮಾರುವವರು ಈ ವಿವರಣೆಯೊಳಗೆ ಬರುತ್ತಾರೆ. ಅವರ ದೂರಿನಲ್ಲಿ ಈ ಸಂಗತಿಯನ್ನು ಸ್ಪಷ್ಟವಾಗಿ ಬರೆಯತಕ್ಕದ್ದು.

ದೂರಿನಲ್ಲಿ "ಗ್ರಾಫೀನ್ ಇಲ್ಲ" ಎಂದು ಆರೋಪಿಸುವುದಕ್ಕಿಂತ "ಸೀಸ-ಆಮ್ಲದ ಬ್ಯಾಟರಿ ಎಂಬ ಸಂಗತಿಯನ್ನು ಮುಚ್ಚಿಡಲಾಯಿತು, ಇಂತಿಷ್ಟು ದೂರ ಮತ್ತು ಇಂತಿಷ್ಟು ಬಾಳಿಕೆ ಇದೆಯೆಂದು ಭರವಸೆ ಕೊಡಲಾಯಿತು" ಎಂದು ಬರೆಯುವುದು ಮೇಲು ಎಂಬುದು ಈ ಶಾಖೆಯ ಸಲಹೆ. ಗ್ರಾಫೀನ್ ಚೂರೂ ಇಲ್ಲವೆಂದು ರುಜುವಾತುಪಡಿಸುವುದು ಕಷ್ಟ. ಚಿಟಿಕೆಯಷ್ಟು ಪುಡಿ ತೋರಿಸಿ ಎದುರುದಾರರು ನುಣುಚಿಕೊಳ್ಳಬಹುದು. ಸೀಸದ್ದೆಂದು ತೋರಿಸುವುದಕ್ಕೆ ತೂಕವೂ ಪೆಟ್ಟಿಗೆಯ ಮೇಲಿನ ಗುರುತುಗಳೂ ಸಾಕಾಗಬಹುದು. ಪರೀಕ್ಷೆ ಇಲ್ಲದೆ ದೋಷವನ್ನು ನಿರ್ಧರಿಸಲಾಗದು ಎಂದು ಆಯೋಗಕ್ಕೆ ಕಂಡುಬಂದಲ್ಲಿ ಮಾದರಿಯನ್ನು ಮೊಹರು ಮಾಡಿ ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಿ 45 ದಿನಗಳೊಳಗೆ ವರದಿ ತರಿಸುವ ಅಧಿಕಾರ ಅದಕ್ಕೆ ಇದೆ. ಪರೀಕ್ಷೆಯ ಶುಲ್ಕವನ್ನು ದೂರುದಾರರು ಮೊದಲು ಠೇವಣಿ ಇಡಬೇಕಾಗಬಹುದು. ಪರೀಕ್ಷೆ ಬೇಡವಾದ ದೂರನ್ನು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದುದನ್ನು ಐದು ತಿಂಗಳಲ್ಲಿ ವಿಲೇವಾರಿ ಮಾಡಲು ಪ್ರಯತ್ನಿಸಬೇಕೆಂದು ಅಧಿನಿಯಮ ಹೇಳುತ್ತದೆ. ಕಾರ್ಯತಃ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದೂ ಉಂಟು. ಅಲ್ಲಿಯವರೆಗೆ ಬ್ಯಾಟರಿಯನ್ನು ಬಿಚ್ಚಿಸಬಾರದು, ಬೇರೆ ಮೆಕ್ಯಾನಿಕ್‌ರಿಂದ ನೀರು ಹಾಕಿಸಬಾರದು.

ಹಳೆಯ ಬ್ಯಾಟರಿ

ಪ್ರಯೋಗಾಲಯದ ಸೀಸ ಗ್ರಾಫೀನ್ ಹಾಳೆಯಡಿಯಲ್ಲಿ ಭದ್ರವಾಗಿರುತ್ತದೆ. ಸ್ಕೂಟರಿನ 65 ಕಿಲೋ ಸೆಟ್ಟಿನಲ್ಲಿರುವ ಸೀಸಕ್ಕೆ ಹಾಗೆ ಮುಚ್ಚಳವಿಲ್ಲ. ಬ್ಯಾಟರಿ ಸತ್ತ ಮೇಲೆ ಅದನ್ನು ಗುಜರಿಗೆ ಹಾಕಿದರೆ, ಬಯಲಿನಲ್ಲಿ ಒಡೆದು ಆಮ್ಲವನ್ನು ನೆಲಕ್ಕೆ ಸುರಿದು ಸೀಸವನ್ನು ಕರಗಿಸುವ ಸಂಭವವಿರುತ್ತದೆ. ಆ ಹೊಗೆ ಮತ್ತು ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಅನ್ವಯ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದು. ಮನೆಯ ಇತರ ಕಸದೊಡನೆ ಬೆರೆಸದೆ ಅದನ್ನು ಪ್ರತ್ಯೇಕವಾಗಿ ಒಪ್ಪಿಸುವ ಹೊಣೆ ಬಳಕೆದಾರರದು. ಹೊಸ ಸೆಟ್ ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ಹಿಂದಿರುಗಿಸಿ, ಅದರ ಮೌಲ್ಯವನ್ನು ರಸೀದಿಯಲ್ಲಿ ಕಳೆದು ತೋರಿಸುವಂತೆ ಕೇಳಬಹುದು. ದೂರು ಆಯೋಗದ ಮುಂದೆ ಬಾಕಿ ಇರುವವರು ಮಾತ್ರ ಆದೇಶ ಬರುವವರೆಗೆ ಹಳೆಯ ಸೆಟ್ಟನ್ನು ಕೊಟ್ಟುಬಿಡದೆ, ಮಕ್ಕಳ ಕೈಗೆ ಸಿಗದಂತೆ, ನೆರಳಿನಲ್ಲಿ ನಿಲ್ಲಿಸಿ ಇಟ್ಟುಕೊಳ್ಳತಕ್ಕದ್ದು.

– ಶಾಖಾಧಿಕಾರಿ